ಬೂಷ್ಟು ಹಿಡಿದ ಚರ್ಮದ ವಸ್ತುಗಳು: 61 ದಿನಗಳ ಕೆಲಸದ ದಾಖಲೆ

ಕೆಲಸಕ್ಕೆ ತೆಗೆದುಕೊಂಡದ್ದು: ಹಳೆಯ ಕುದುರೆ ಜೀನು ಒಂದು, ಚರ್ಮ ಹೊದಿಸಿದ ಮರದ ಪೆಟ್ಟಿಗೆ ಒಂದು, ಕೆಂಪು ಅಂಚುಪಟ್ಟಿಯ ಹೆಗಲಚೀಲ ಒಂದು, ಚರ್ಮದ ರಟ್ಟಿನ ಪುಸ್ತಕ ಮೂರು. ಎಲ್ಲವೂ ತೊಗಟೆಯ ಒಗರಿನಲ್ಲಿ ಹದ ಮಾಡಿದ ಚರ್ಮ. ಎಲ್ಲವೂ ಇದ್ದದ್ದು ಹೊರಗೋಡೆಗೆ ಒತ್ತಿಟ್ಟ ಒಂದೇ ಮರದ ಕಪಾಟಿನಲ್ಲಿ.

ಐದನೆಯ ಬಗೆಯದೊಂದು ಇತ್ತು, ಕೂದಲು ಹಾಗೇ ಉಳಿಸಿಕೊಂಡ ತೊಗಲಿನ ಸಂಚಿ. ಅದನ್ನು ಮುಟ್ಟಲಿಲ್ಲ. ಹಳೆಯ ಸಂಗ್ರಹಗಳಲ್ಲಿ ಕೂದಲು, ಗರಿ ಇರುವ ವಸ್ತುಗಳಿಗೆ ಹುಳ ಬೀಳದಿರಲಿ ಎಂದು ಆರ್ಸೆನಿಕ್, ಪಾದರಸದ ಲವಣ, ಆಮೇಲಿನ ಕಾಲದಲ್ಲಿ ಡಿಡಿಟಿ ಹಾಕುವ ರೂಢಿ ಇತ್ತು. ಅಂಥದರ ಮೇಲಿನ ಬಿಳಿ ಪುಡಿಯನ್ನು ಬೂಷ್ಟು ಅಂದುಕೊಂಡು ಬ್ರಷ್ ಆಡಿಸಿದರೆ ವಿಷ ನೇರ ಮೂಗಿಗೆ ಬರುತ್ತದೆ. ಸಂಚಿ ಒಣಗೇ ಇತ್ತು. ಪ್ರಯೋಗಾಲಯದ ಪರೀಕ್ಷೆ ಆಗುವವರೆಗೆ ಅದು ಬೇರೆ ಡಬ್ಬಿಯಲ್ಲಿ, ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿಕೊಂಡು ಇರುತ್ತದೆ.

ದಿನ 0: ಮೊದಲು ಮೀಟರನ್ನೇ ಪರೀಕ್ಷಿಸಿದ್ದು

ಕಪಾಟಿನ ಬಳಿ ತೂಗುಹಾಕಿದ್ದ ಹೈಗ್ರೋಮೀಟರ್ (ಗಾಳಿಯ ತೇವಾಂಶ ಅಳೆಯುವ ಮೀಟರ್) ತೋರಿಸುತ್ತಿದ್ದದ್ದು 58 ಶೇಕಡಾ. ಬೂಷ್ಟು ಬೆಳೆಯುವುದಕ್ಕೆ ಸಾಮಾನ್ಯವಾಗಿ 65ರಿಂದ 70 ದಾಟಬೇಕು. ಹಾಗಾದರೆ ಇಲ್ಲಿ ಬೆಳೆದದ್ದು ಹೇಗೆ? ಇದಕ್ಕೆ ಉತ್ತರ ಸಿಗದೆ ಒರೆಸಲು ಕೂತರೆ ಮುಂದಿನ ತಿಂಗಳು ಮತ್ತೆ ಒರೆಸಬೇಕಾಗುತ್ತದೆ.

ಉಪ್ಪಿನ ಪರೀಕ್ಷೆ ಮಾಡಿದೆವು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಷ್ಟೇ ತೇವ ಆಗುವ ಹಾಗೆ ಕೆಲವು ಹನಿ ನೀರು ಬಿಟ್ಟು, ಮೀಟರಿನ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ 24 ಗಂಟೆ ಇಟ್ಟದ್ದು. ಡಬ್ಬಿಯೊಳಗಿನ ಗಾಳಿ 75 ಶೇಕಡಾಕ್ಕೆ ನಿಲ್ಲಬೇಕು. ನೀರು ಹೆಚ್ಚಾಗಿ ಉಪ್ಪು ಪೂರ್ತಿ ಕರಗಿಬಿಟ್ಟರೆ ಲೆಕ್ಕ ತಪ್ಪುತ್ತದೆ, ಮುಚ್ಚಳದಲ್ಲಿ ಕರಗದ ಉಪ್ಪು ಕಾಣುತ್ತಿರಬೇಕು. ನಮ್ಮ ಮೀಟರ್ ತೋರಿಸಿದ್ದು 69. ಅಂದರೆ 6 ಅಂಶ ಕಡಿಮೆ. ಇಷ್ಟು ದಿನ 58 ಎಂದು ನಂಬಿದ್ದು ನಿಜಕ್ಕೂ 64.

ಇನ್ನರ್ಧ ಉತ್ತರ ಗೋಡೆಯಲ್ಲಿತ್ತು. ಕೋಣೆ 25 ಡಿಗ್ರಿ, ಕಪಾಟಿನ ಹಿಂದಿನ ಗೋಡೆ 22 ಡಿಗ್ರಿ. ಗಾಳಿಯಲ್ಲಿರುವ ನೀರು ಅಷ್ಟೇ, ಜಾಗ ತಂಪಾದರೆ ಶೇಕಡಾವಾರು ಏರುತ್ತದೆ. ಕೋಣೆಯ 64, ಗೋಡೆಯ ಬಳಿ 77 ಆಗುತ್ತದೆ. ಬೂಷ್ಟು ಎಲ್ಲ ವಸ್ತುಗಳಲ್ಲೂ ಗೋಡೆಯ ಕಡೆಯ ಮೈಗೇ ಹೆಚ್ಚು ಹಿಡಿದಿತ್ತು. ಕಪಾಟಿನ ಹಲಗೆಯ ಹಿಂಭಾಗ ಮುಟ್ಟಿದರೆ ತಣ್ಣಗಿತ್ತು.

ಮೀಟರಿನ ಮೇಲೆ "+6" ಎಂದು ಬರೆದು ಅಂಟಿಸಿದ್ದಾಯಿತು. ಮುಂದೆ ಬರುವ ಅಂಕಿಗಳೆಲ್ಲ ತಿದ್ದಿದವು.

ದಿನ 1: ಬಿಳಿಯದೆಲ್ಲ ಬೂಷ್ಟಲ್ಲ

ವಸ್ತುಗಳನ್ನು ಪಾಲಿಥಿನ್ ಚೀಲದಲ್ಲಿ ಸಡಿಲವಾಗಿ ಸುತ್ತಿ ಕೆಲಸದ ಕೋಣೆಗೆ ಸಾಗಿಸಿ, ತಲುಪಿದ ಕೂಡಲೇ ಬಿಚ್ಚಿದೆವು. ಸುತ್ತಿದ್ದು ದಾರಿಯಲ್ಲಿ ಬೀಜಕಣ ಉದುರದಿರಲಿ ಎಂದಷ್ಟೇ. ಒದ್ದೆ ಚರ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ರಾತ್ರಿಯಿಡೀ ಬಿಡುವುದು ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟಂತೆ.

ಚರ್ಮದ ಮೇಲೆ ಬಿಳಿಯಾಗಿ ಕಾಣುವ ಮೂರು ಬೇರೆ ಬೇರೆ ಸಂಗತಿಗಳಿವೆ: ಬೂಷ್ಟು, ಒಳಗಿನಿಂದ ಮೇಲೆ ಬಂದ ಕೊಬ್ಬು, ಮತ್ತು ಉಪ್ಪು. ಮೂರಕ್ಕೂ ಚಿಕಿತ್ಸೆ ಬೇರೆ. ಕೊಬ್ಬಿನ ಪರೀಕ್ಷೆಗೆ ಹೇರ್ ಡ್ರೈಯರನ್ನು ನೇರ ಚರ್ಮದ ಮೇಲೆ ಹಿಡಿಯುವವರಿದ್ದಾರೆ. ಅದು ಬೇಡ. ಹೊಸ ತೊಗಟೆ ಹದದ ಚರ್ಮ ಒದ್ದೆಯಾಗಿದ್ದಾಗ ಮುದುಡುವುದು 75 ಡಿಗ್ರಿಯ ಆಸುಪಾಸಿನಲ್ಲಿ, ಹಳತಾಗಿ ಶಿಥಿಲವಾದದ್ದು ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಮುದುಡಬಹುದು. ಮುದುಡಿದ ಚರ್ಮ ಮತ್ತೆ ಹಿಗ್ಗುವುದಿಲ್ಲ.

ನಾವು ಮಾಡಿದ್ದು ಹೀಗೆ. ಸೂಜಿಯ ತುದಿಯಲ್ಲಿ ಸಾಸಿವೆಯ ಕಾಲುಭಾಗದಷ್ಟು ಬಿಳಿಯದನ್ನು ಎತ್ತಿ ಗಾಜಿನ ಸ್ಲೈಡಿಗೆ ಇಳಿಸಿ, 30 ಪಟ್ಟಿನ ಭೂತಗನ್ನಡಿಯಲ್ಲಿ ನೋಡುವುದು. ಎಳೆ ಎಳೆಯಾಗಿ, ಕೆಲವೆಡೆ ಎಳೆಯ ತುದಿಗೆ ಗುಂಡುಪಿನ್ನಿನ ತಲೆಯಂಥದ್ದು ಕಂಡರೆ ಬೂಷ್ಟು. ಎಳೆ ಕಾಣದಿದ್ದರೆ ಸ್ಲೈಡಿನ ಅಡಿಗೆ ಬಿಸಿನೀರಿನ ಲೋಟ ಹಿಡಿಯುವುದು. ಕರಗಿ ಪಾರದರ್ಶಕವಾದರೆ ಕೊಬ್ಬು. ಅದೂ ಇಲ್ಲವೆಂದರೆ ಒಂದು ಹನಿ ನೀರು, ಅದರಲ್ಲಿ ಕರಗಿದರೆ ಉಪ್ಪು. ಒಂದು ಮಾದರಿಗೆ ಎರಡು ನಿಮಿಷ ಸಾಕು.

ಒಟ್ಟು 14 ಮಾದರಿ ತೆಗೆದೆವು. ಜೀನಿನ ಎರಡೂ ಬದಿಯ ಅಗಲ ರೆಕ್ಕೆಗಳ ಮೇಲೆ ಮಂಜು ಹಿಡಿದಂತೆ ಇದ್ದದ್ದು ಕೊಬ್ಬು, ಕೆಳಮೈಯ ಬೂದು ಮಿಶ್ರಿತ ಹಸಿರು ಬೂಷ್ಟು. ಚೀಲದ ಮುಚ್ಚಳದ ಒಳಬದಿ ಬೂಷ್ಟು. ಪೆಟ್ಟಿಗೆಯ ಹಿಂಬದಿ ಬೂಷ್ಟು, ಆದರೆ ಮೂಲೆಯೊಂದರಲ್ಲಿ ಉಪ್ಪು: ಯಾವಾಗಲೋ ನೀರು ಹರಿದು ಆರಿದ ಗುರುತು. ಪುಸ್ತಕಗಳ ಬೆನ್ನಿನ ಮೇಲೆ ಒಣ ಬೂಷ್ಟು.

ಬೂಷ್ಟು ಇನ್ನೂ ಜೀವಂತವೋ ಒಣಗಿ ನಿಂತಿದೆಯೋ ತಿಳಿಯಲು ಸಣ್ಣ ಬ್ರಷ್ಷಿನ ತುದಿಯಿಂದ ಒಂದು ಚುಕ್ಕೆಯನ್ನು ತಟ್ಟಿ ನೋಡುವುದು. ಪುಡಿಯಾಗಿ ಹಾರಿದರೆ ಒಣಗಿದೆ. ಮೆತ್ತಗೆ ಮೆತ್ತಿಕೊಂಡು ಉಜ್ಜಿದಂತೆ ಗೀರು ಬಿದ್ದರೆ ಬೆಳೆಯುತ್ತಿದೆ, ಅಲ್ಲಿಗೇ ಕೈ ನಿಲ್ಲಿಸಬೇಕು. ಹಸಿ ಬೂಷ್ಟನ್ನು ಒರೆಸಿದರೆ ಅದರ ಬಣ್ಣವನ್ನು ಚರ್ಮದ ರಂಧ್ರಗಳೊಳಗೆ ನಾವೇ ತುಂಬಿದಂತಾಗುತ್ತದೆ. ಜೀನೂ ಚೀಲವೂ ಗೀರು ಬಿದ್ದವು. ಒರೆಸುವ ಕೆಲಸ ಮುಂದೂಡಿ ಒಣಗಿಸಲು ಶುರು.

ದಿನ 1ರಿಂದ 12: ಒಣಗಿಸುವುದು

ಕೋಣೆ ಸಣ್ಣದು, ಕಿಟಕಿ ಬಾಗಿಲು ಮುಚ್ಚಿ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ಎಳೆಯುವ ಯಂತ್ರ, ಹಾಕಿದ್ದು. ವಸ್ತುಗಳು ತಂತಿಜಾಲರಿಯ ಮೇಲೆ, ಎಲ್ಲ ಮೈಗೂ ಗಾಳಿ ಸೋಕುವಂತೆ. ಫ್ಯಾನ್ ಇತ್ತು, ಆದರೆ ಮುಖ ಗೋಡೆಯ ಕಡೆಗೆ. ವಸ್ತುವಿನ ಮೇಲೇ ಗಾಳಿ ಬಿಟ್ಟರೆ ಬೀಜಕಣ ಕೋಣೆ ತುಂಬ ಹರಡುತ್ತದೆ. ಬಿಸಿಲಿಗೆ ಇಡಲಿಲ್ಲ. ಬಿಸಿಲು ಬೂಷ್ಟನ್ನು ಒಣಗಿಸುತ್ತದೆ ನಿಜ, ಜೊತೆಗೆ ಬಣ್ಣ ಮಾಸಿಸಿ ಮೇಲ್ಪದರವನ್ನು ಸೆಟೆಸುತ್ತದೆ.

ಯೋಜನೆ: ದಿನಕ್ಕೆ 2–3 ಅಂಶದಂತೆ 64ರಿಂದ 50ಕ್ಕೆ ಇಳಿಸುವುದು. ಪ್ರತಿದಿನ ಬೆಳಿಗ್ಗೆ ಜೀನು ಮತ್ತು ಚೀಲವನ್ನು ತೂಗಿ ಬರೆಯುವುದು. ಚರ್ಮ ಒಣಗಿದೆಯೇ ಎಂದು ಕೈಗೆ ಗೊತ್ತಾಗುವುದಿಲ್ಲ. ತಕ್ಕಡಿಗೆ ಗೊತ್ತಾಗುತ್ತದೆ. ಜೀನು ಮೊದಲ ದಿನ 6.41 ಕೆ.ಜಿ., 5ನೇ ದಿನ 6.26, 12ನೇ ದಿನ 6.12. ಚೀಲ 412 ಗ್ರಾಂನಿಂದ 391ಕ್ಕೆ ಬಂದು 8ನೇ ದಿನದಿಂದ ಅಲುಗಲಿಲ್ಲ. ಇಷ್ಟು ದಿನ ಕಾಯಲಾಗದಿದ್ದರೆ, ಅಥವಾ ನೀರಲ್ಲಿ ತೊಯ್ದ ವಸ್ತುಗಳ ರಾಶಿಯೇ ಬಂದಿದ್ದರೆ, ಎರಡು ದಿನದೊಳಗೆ ಮೈನಸ್ 20 ಡಿಗ್ರಿಯ ಫ್ರೀಜರಿಗೆ ಹಾಕುವ ದಾರಿ ಇದೆ. ಅದರಿಂದ ಬೆಳವಣಿಗೆ ನಿಲ್ಲುತ್ತದೆ ಅಷ್ಟೇ, ಬೂಷ್ಟು ಸಾಯುವ ಖಾತ್ರಿ ಇಲ್ಲ. ಹೊರತೆಗೆದ ಮೇಲೆ ಒಣಗಿಸುವುದು ತಪ್ಪಿದ್ದಲ್ಲ.

ತಪ್ಪು 1. ಮೂರನೇ ರಾತ್ರಿ ಯಂತ್ರದ ಗುರಿ 40ಕ್ಕೆ ತಿರುಗಿತ್ತು. ಬೇಗ ಮುಗಿಯಲಿ ಎಂಬ ಆಸೆ, ಬೇರೇನಲ್ಲ. ಬೆಳಿಗ್ಗೆ ಕೋಣೆ 41. ದೊಡ್ಡ ಪುಸ್ತಕದ ಮೇಲುರಟ್ಟು ಹೊರಕ್ಕೆ ಬಾಗಿ ಮೂಲೆ 6 ಮಿ.ಮೀ. ಎದ್ದಿತ್ತು. ಚರ್ಮ, ರಟ್ಟು, ಒಳಗಿನ ಕಾಗದ ಮೂರೂ ಬೇರೆ ಬೇರೆ ವೇಗದಲ್ಲಿ ಕುಗ್ಗುತ್ತವೆ, ಬೇಗ ಕುಗ್ಗಿದ್ದು ಉಳಿದವನ್ನು ಎಳೆಯುತ್ತದೆ. ಮತ್ತೆ 52ಕ್ಕೆ ಏರಿಸಿ, ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು, ಮೇಲೆ ಒಂದು ಕೆ.ಜಿ. ತೂಕ ಹೇರಿ ಒಂದು ವಾರ ಬಿಟ್ಟರೂ 2 ಮಿ.ಮೀ. ಬಾಗು ಉಳಿದೇ ಹೋಯಿತು.

ದಿನ 13, 14: ಒಣ ಕೆಲಸ

ಎನ್95 ಮಾಸ್ಕ್, ನೈಟ್ರೈಲ್ ಕೈಗವಸು, ಬದಿ ಮುಚ್ಚಿದ ಕನ್ನಡಕ, ಕೆಲಸ ಮುಗಿದ ಕೂಡಲೇ ಒಗೆಯಲು ಹಾಕುವ ಅಂಗಿ. ಆಸ್ತಮಾ, ಅಲರ್ಜಿ ಇರುವವರು ಈ ಎರಡು ದಿನ ಕೋಣೆಗೆ ಬರಬಾರದು. ಬಟ್ಟೆಯ ಮಾಸ್ಕ್ ಸಾಲದು.

ಹೆಪಾ ಫಿಲ್ಟರ್ (ಅತಿ ಸಣ್ಣ ಕಣವನ್ನೂ ಹಿಡಿಯುವ ಜಾಲರಿ) ಇರುವ, ಎಳೆತದ ಜೋರು ಹೆಚ್ಚು ಕಡಿಮೆ ಮಾಡಬಹುದಾದ ವ್ಯಾಕ್ಯೂಮ್ ಕ್ಲೀನರ್ ಬೇಕು. ಸಾಧಾರಣ ಮನೆಬಳಕೆಯದು ಮುಂದಿನಿಂದ ಎಳೆದ ಬೀಜಕಣವನ್ನು ಹಿಂದಿನಿಂದ ಕೋಣೆಗೆ ಉಗುಳುತ್ತದೆ. ಕೊಳವೆಯ ಬಾಯಿಗೆ ನೈಲಾನ್ ಬಲೆ ಕಟ್ಟಿ ರಬ್ಬರ್ ಬ್ಯಾಂಡ್ ಬಿಗಿದಿದ್ದೆವು, ಸಡಿಲ ಹೊಲಿಗೆದಾರವೋ ಚರ್ಮದ ಚೂರೋ ಒಳಗೆ ಹೋಗದಿರಲಿ ಎಂದು. ಮೊದಲ ಗಂಟೆಯಲ್ಲೇ ಪುಸ್ತಕದ ಬೆನ್ನಿನ ಎರಡು ಚೂರು ಆ ಬಲೆಯಲ್ಲಿ ಸಿಕ್ಕಿದವು. ಚೀಟಿ ಬರೆದು ಲಕೋಟೆಯಲ್ಲಿ ಇಟ್ಟಿದೆ.

ಎಳೆತ ಅತಿ ಕಡಿಮೆ. ಎಡಗೈಯಲ್ಲಿ ಕೊಳವೆ, ಬಲಗೈಯಲ್ಲಿ ಮೇಕೆ ಕೂದಲಿನ ಮೆತ್ತನೆಯ ಬ್ರಷ್. ಕೊಳವೆಯ ಬಾಯಿ ಚರ್ಮದಿಂದ ಎರಡು ಸೆಂ.ಮೀ. ದೂರ, ಬ್ರಷ್ಷಿನ ಬೀಸು ಯಾವಾಗಲೂ ಬಾಯಿಯ ಕಡೆಗೆ. ಕೊಳವೆ ಚರ್ಮವನ್ನು ಮುಟ್ಟಬಾರದು. ಬೂಷ್ಟು ಕಣ್ಣಿಗೆ ಕಾಣುವ ಕಡೆಗಿಂತ ಕಾಣದ ಕಡೆಯೇ ಹೆಚ್ಚು ಹೊತ್ತು ಹಿಡಿಯಿತು: ಹೊಲಿಗೆಯ ಗುಂಟ, ಪಟ್ಟಿ ಮಡಚಿದ ಕಡೆ, ಬಕಲ್ಲಿನ ಅಡಿ, ಪೆಟ್ಟಿಗೆಯ ಮೊಳೆತಲೆಗಳ ಸುತ್ತ. ಹೊಲಿಗೆಯ ಗುಂಟ ಬ್ರಷ್ಷನ್ನು ಅಡ್ಡ ಎಳೆದರೆ ಕೂದಲು ದಾರಕ್ಕೆ ಸಿಕ್ಕಿಕೊಳ್ಳುತ್ತದೆ, ಉದ್ದಕ್ಕೆ ಎಳೆಯಬೇಕು. ಜೀನಿನ ಪಟ್ಟಿಗಳಲ್ಲಿ ಎರಡನ್ನು ಬಕಲಿನಿಂದ ಬಿಚ್ಚಲೇ ಇಲ್ಲ. ಬಾಗಿದ ಕಡೆ ಸೆಟೆದು ಬಿರುಕು ಬಿಟ್ಟಿದ್ದವು, ನೆಟ್ಟಗೆ ಮಾಡಹೋದರೆ ಕೈಗೇ ಬರುತ್ತಿದ್ದವು.

ತಪ್ಪು 2. ಚೀಲದ ಒಳಬದಿಯ ಜೂಲುಮೈಗೆ ಮಸಿ ತೆಗೆಯುವ ರಬ್ಬರ್ ಸ್ಪಂಜು ಹಾಕಿದ್ದು. ನುಣುಪು ಮೈಗೆ ಅದು ಚೆನ್ನ. ಜೂಲುಮೈಯಲ್ಲಿ ಸ್ಪಂಜೇ ಪುಡಿಪುಡಿಯಾಗಿ ಎಳೆಗಳ ನಡುವೆ ಕೂತಿತು. ಚಿಮುಟದಲ್ಲಿ ಒಂದೊಂದೇ ಹೆಕ್ಕಿದ್ದು ಮೂರು ಗಂಟೆ.

ಮುಗಿದ ಮೇಲೆ ಬ್ರಷ್ಷುಗಳು ಹತ್ತು ನಿಮಿಷ ಆಲ್ಕೋಹಾಲಿನಲ್ಲಿ. ಸ್ಪಂಜು, ಕೈಗವಸು, ವ್ಯಾಕ್ಯೂಮಿನ ಚೀಲ ಎಲ್ಲ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲಕ್ಕೆ, ಅಲ್ಲಿಂದ ಕೋಣೆಯ ಹೊರಗಿನ ಕಸಕ್ಕೆ.

ದಿನ 15, 16: ಆಲ್ಕೋಹಾಲ್, ಎಲ್ಲಕ್ಕೂ ಅಲ್ಲ

ಬೇಕಾದದ್ದು 70 ಶೇಕಡಾ. 95 ಶೇಕಡಾದ ಎಥನಾಲ್ ಇದ್ದರೆ 74 ಮಿ.ಲೀ.ಗೆ ಶುದ್ಧೀಕರಿಸಿದ ನೀರು ಸೇರಿಸಿ 100 ಮಿ.ಲೀ. ಮಾಡುವುದು. 99 ಶೇಕಡಾದ ಐಸೊಪ್ರೊಪೈಲ್ ಆದರೆ 71 ಮಿ.ಲೀ. "ಗಟ್ಟಿ ಇದ್ದಷ್ಟೂ ಒಳ್ಳೆಯದು" ಎಂಬುದು ಇಲ್ಲಿ ನಡೆಯುವುದಿಲ್ಲ. ನೀರಿನ ಪಾಲು ಇದ್ದರೇ ಅದು ಬೂಷ್ಟಿನ ಕೋಶದೊಳಕ್ಕೆ ಇಳಿಯುವುದು, ಬರಿಯ ಆಲ್ಕೋಹಾಲ್ ಮೇಲೇ ಆರಿಹೋಗುತ್ತದೆ. ಆದರೂ ಬೀಜಕಣಗಳೆಲ್ಲ ಸಾಯುತ್ತವೆ ಎಂದುಕೊಳ್ಳಬೇಡಿ. ಆರಿದ ಮೇಲೆ ಚರ್ಮಕ್ಕೆ ಯಾವ ರಕ್ಷಣೆಯೂ ಉಳಿದಿರುವುದಿಲ್ಲ.

ಎಲ್ಲ ಬಣ್ಣಕ್ಕೂ, ಎಲ್ಲ ಮೆರುಗಿಗೂ ಕಾಣದ ಕಡೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಪರೀಕ್ಷೆ. ಚೀಲದ ಕೆಂಪು ಅಂಚುಪಟ್ಟಿ ಹತ್ತಿಗೆ ಗುಲಾಬಿ ಬಣ್ಣ ಬಿಟ್ಟಿತು, ಅದಕ್ಕೆ ಆಲ್ಕೋಹಾಲ್ ಇಲ್ಲ. ಪೆಟ್ಟಿಗೆಯ ಮೆರುಗು ಅರಗಿನದ್ದಿರಬೇಕು, ಸೋಕಿದ ಕಡೆ ಮಂಕಾಯಿತು, ಅದಕ್ಕೂ ಇಲ್ಲ. ಪುಸ್ತಕಗಳ ಬೆನ್ನು ಕೆಂಪಗೆ ಪುಡಿ ಉದುರಿಸುತ್ತಿತ್ತು, ಗಾಳಿಯ ಗಂಧಕದ ಹೊಗೆ ಕುಡಿದು ಹುಳಿಯಾದ ಹಳೆಯ ಚರ್ಮದ ಲಕ್ಷಣ ಅದು. ಅಂಥದಕ್ಕೆ ನೀರು ಬಿದ್ದರೆ ಕಪ್ಪಾಗಿ ಗಟ್ಟಿಯಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಪುಸ್ತಕ, ಪೆಟ್ಟಿಗೆ ಎರಡಕ್ಕೂ ಒಣ ಕೆಲಸವೇ ಕೊನೆ. ಉಳಿದದ್ದು ಜೀನಿನ ಕೆಳಮೈ ಮತ್ತು ಚೀಲದ ಕಂದು ಭಾಗ.

ಕಡ್ಡಿಗೆ ಹತ್ತಿ ಸುತ್ತಿ, ಅದ್ದಿ, ಬ್ಲಾಟಿಂಗ್ ಪೇಪರಿನ ಮೇಲೆ ಉರುಳಿಸಿ, ಆಮೇಲೆ ಚರ್ಮದ ಮೇಲೆ ಉರುಳಿಸುವುದು. ಉಜ್ಜುವುದಲ್ಲ, ಉರುಳಿಸುವುದು. ಸರಿಯಾಗಿ ಹಿಂಡಿದ್ದರೆ ಚರ್ಮದ ಮೇಲಿನ ತೇವ ಎಣಿಸುತ್ತ ಐದಕ್ಕೆ ಬರುವಷ್ಟರಲ್ಲಿ ಆರಿಹೋಗಬೇಕು. ಐದು ಸೆಂ.ಮೀ. ಚೌಕಕ್ಕೆ ಒಂದು ಹತ್ತಿ, ಮತ್ತೆ ಹೊಸದು. ಅದೇ ಹತ್ತಿಯನ್ನು ಪಾತ್ರೆಗೆ ಎರಡನೇ ಸಲ ಅದ್ದಿದರೆ ಪಾತ್ರೆಯೇ ಬೂಷ್ಟಿನ ನೀರಾಗುತ್ತದೆ. ಕೋಣೆಯ ಕಿಟಕಿ ತೆರೆದಿತ್ತು, ವ್ಯಾಕ್ಯೂಮಿನ ಪ್ಲಗ್ ಕಿತ್ತಿತ್ತು. ಆಲ್ಕೋಹಾಲಿನ ಆವಿ ಮೋಟಾರಿನ ಕಿಡಿಗೂ ಹೊತ್ತಿಕೊಳ್ಳಬಲ್ಲದು.

ತಪ್ಪು 3, ಇಡೀ ಕೆಲಸದಲ್ಲಿ ಅತಿ ಬೇಸರದ್ದು. ಜೀನಿನ ಕೆಳಮೈಯ ಮೊದಲ ಚೌಕದಲ್ಲಿ ಹತ್ತಿಯನ್ನು ಬ್ಲಾಟಿಂಗ್ ಪೇಪರಿಗೆ ಒತ್ತದೆ ನೇರ ಹಚ್ಚಿದ್ದು. ಅರ್ಧ ಗಂಟೆಗೆ ಮೂರು ಸೆಂ.ಮೀ. ಅಗಲದ ಕಪ್ಪು ಬಳೆ ಮೂಡಿತು. ಹಿಂದೆ ಯಾರೋ ಧಾರಾಳವಾಗಿ ತಿಕ್ಕಿದ್ದ ಎಣ್ಣೆ ಆಲ್ಕೋಹಾಲಿನಲ್ಲಿ ಕರಗಿ, ಒದ್ದೆಯ ಅಂಚಿನವರೆಗೆ ಹರಿದು, ಅಲ್ಲೇ ನಿಂತಿತ್ತು. ಬಳೆಯನ್ನು ಮಸುಕು ಮಾಡಲು ಇನ್ನೊಮ್ಮೆ ಒದ್ದೆ ಮಾಡಿದ್ದು ಎರಡನೇ ತಪ್ಪು: ಬಳೆ ನಾಲ್ಕು ಸೆಂ.ಮೀ. ಆಯಿತು. ಅಲ್ಲಿಗೆ ಬಿಟ್ಟೆವು. ಬಳೆ ಇವತ್ತಿಗೂ ಇದೆ.

ಖರ್ಚಾದದ್ದು 70 ಶೇಕಡಾದ ಎಥನಾಲ್ 180 ಮಿ.ಲೀ., ಹತ್ತಿಕಡ್ಡಿ ಸುಮಾರು 240, ಕೈಗವಸು 9 ಜೊತೆ.

ಜೀನಿನ ರೆಕ್ಕೆಗಳ ಮೇಲಿನ ಕೊಬ್ಬಿನ ಮಂಜನ್ನು ಒಣ ಮಸ್ಲಿನ್ ಬಟ್ಟೆಯಿಂದ ಒರೆಸಿದರೆ ಸಾಕಾಯಿತು. ತಾಮ್ರದ ರಿವೆಟ್ಟುಗಳ ಸುತ್ತ ಮೇಣದಂತೆ ಹಸಿರು ಕಟ್ಟಿತ್ತು. ಅದೂ ಬೂಷ್ಟಲ್ಲ, ಚರ್ಮದ ಕೊಬ್ಬಿನ ಆಮ್ಲ ತಾಮ್ರವನ್ನು ತಿಂದು ಆದದ್ದು. ಬಿದಿರಿನ ಮೊನಚು ಕಡ್ಡಿಯಿಂದ ಕೆರೆದು ತೆಗೆದದ್ದಾಯಿತು, ಲೋಹದ ಮೊನೆ ಬಳಸಲಿಲ್ಲ.

ಬೂಷ್ಟು ಬಿಟ್ಟುಹೋದ ಬೂದು, ಕಂದು ಕಲೆಗಳು ಹಾಗೇ ಇವೆ. ಬೂಷ್ಟಿನ ಬಣ್ಣ ಚರ್ಮದ ನಾರಿನೊಳಗೇ ಇಳಿದಿರುತ್ತದೆ, ಅದನ್ನು ತೆಗೆಯುವಷ್ಟು ಖಾರವಾದದ್ದು ನಾರನ್ನೂ ಬಿಡುವುದಿಲ್ಲ. ಬ್ಲೀಚ್ ಬೇಡ. ವಿನಿಗರ್ ಬೇಡ, ಮೊದಲೇ ಹುಳಿಯಾದ ಚರ್ಮಕ್ಕೆ ಇನ್ನಷ್ಟು ಹುಳಿ ಏಕೆ?

ದಿನ 22: ಬೂಷ್ಟು ಮರಳಿತು

ಜೀನಿನ ಕೆಳಮೈಯ ಹೊಲಿಗೆಯ ಗುಂಟ ನಾಲ್ಕು ಚುಕ್ಕೆ. ಬ್ರಷ್ ತಟ್ಟಿದರೆ ಗೀರು ಬಿತ್ತು. ಜೀವಂತ.

ಕೋಣೆ 50ರಲ್ಲೇ ಇತ್ತು. ತಪ್ಪು ಎಲ್ಲಿ ಎಂದು ಹುಡುಕಿದರೆ ತೂಕದ ಪಟ್ಟಿಯಲ್ಲೇ ಇತ್ತು. ಚೀಲದ ತೂಕ 8ನೇ ದಿನ ನಿಂತಿತ್ತು. ಜೀನಿನದು 12ನೇ ದಿನವೂ ದಿನಕ್ಕೆ ಹತ್ತು ಹದಿನೈದು ಗ್ರಾಂ ಇಳಿಯುತ್ತಲೇ ಇತ್ತು. ಮೇಲಿನ ಚರ್ಮ ಒಣಗಿತ್ತು, ಒಳಗೆ ತುಂಬಿದ ಉಣ್ಣೆ ಒದ್ದೆ ಇತ್ತು. ಅಂಕಿಗಳನ್ನು ಬರೆದವರು ಓದಲಿಲ್ಲ, ಅಷ್ಟೇ.

ಸಾಲದ್ದಕ್ಕೆ, 16ನೇ ದಿನ ಕೆಲಸ ಮುಗಿಯಿತೆಂದು ಜೀನನ್ನು ದಪ್ಪ ಫೋಮಿನ ಮೇಲೆ ಕೂರಿಸಿದ್ದೆವು. ಕೆಳಮೈಗೆ ಗಾಳಿಯೇ ಇಲ್ಲ. ಸಣ್ಣ ತಂತಿಯ ತುದಿಗೆ ಸಂವೇದಕ ಇರುವ ಮೀಟರನ್ನು ಫೋಮಿಗೂ ಜೀನಿಗೂ ನಡುವೆ ತೂರಿಸಿ ಎರಡು ಗಂಟೆ ಬಿಟ್ಟಾಗ ತೋರಿದ್ದು 78. ಒಂದೇ ಕೋಣೆ, ಒಂದು ಅಡಿ ಅಂತರ, 50 ಮತ್ತು 78.

ಫೋಮ್ ತೆಗೆದು ಮತ್ತೆ ಜಾಲರಿಗೆ. ಈ ಸಲದ ನಿಯಮ: ಮೂರು ದಿನ ಸತತ ಒಂದೇ ತೂಕ ಬರುವವರೆಗೆ ಕೈ ಹಾಕುವಂತಿಲ್ಲ. 28ನೇ ದಿನ 6.03 ಕೆ.ಜಿ., 29, 30 ಅಷ್ಟೇ. ಚುಕ್ಕೆಗಳು ಅಷ್ಟರಲ್ಲಿ ಪುಡಿಯಾಗಿದ್ದವು. ವ್ಯಾಕ್ಯೂಮ್, ಬ್ರಷ್, ಒಂದು ಸುತ್ತು ಹತ್ತಿ. ನಲವತ್ತು ನಿಮಿಷದ ಕೆಲಸ. 13ನೇ ದಿನದ ಆತುರ ತಿಂದದ್ದು ಹದಿನೇಳು ದಿನ.

ಎಣ್ಣೆ ಯಾಕೆ ಹಚ್ಚಲಿಲ್ಲ

ಒಣಗಿದ ಚರ್ಮ ನೋಡಿದ ಕೂಡಲೇ ಎಣ್ಣೆ, ಮೇಣ, ಲ್ಯಾನೊಲಿನ್ (ಉಣ್ಣೆಯ ಜಿಡ್ಡು) ತಿಕ್ಕಬೇಕು ಅನ್ನಿಸುತ್ತದೆ. ದಿನವೂ ತೊಡುವ ಚಪ್ಪಲಿ, ಬೆಲ್ಟಿಗೆ ಅದು ಸರಿಯೇ. ಕಪಾಟಿನಲ್ಲಿ ಕೂರುವ ಹಳೆಯ ವಸ್ತುವಿಗೆ ಅಲ್ಲ. ಎಣ್ಣೆ ಧೂಳು ಹಿಡಿಯುತ್ತದೆ, ಕಾಲ ಕಳೆದಂತೆ ಅಂಟಾಗುತ್ತದೆ, ಒಳಗಿನಿಂದ ಬಿಳಿ ಕೊಬ್ಬಾಗಿ ಮೇಲೆ ಬರುತ್ತದೆ, ತಾಮ್ರವನ್ನು ತಿನ್ನುತ್ತದೆ, ಮತ್ತು ಬೂಷ್ಟಿಗೆ ಊಟವಾಗುತ್ತದೆ. ನಮ್ಮ ಜೀನಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹಳೆಯ ಎಣ್ಣೆಯಿಂದಲೇ ಬಂದವು: ರೆಕ್ಕೆಯ ಮಂಜು, ರಿವೆಟ್ಟಿನ ಹಸಿರು, ಆ ಬಳೆ. ಕೆಳಮೈಗೆ ಬ್ಲಾಟಿಂಗ್ ಪೇಪರ್ ಒತ್ತಿಟ್ಟರೆ ಈಗಲೂ ಜಿಡ್ಡಿನ ಗುರುತು ಬೀಳುತ್ತದೆ. ಸೆಟೆದ ಚರ್ಮಕ್ಕೆ ಬೇಕಾದದ್ದು ಹದವಾದ ತೇವಾಂಶ, 50ರ ಗಾಳಿಯಲ್ಲಿ ಎರಡು ವಾರ ಇದ್ದರೆ ಅದು ತನ್ನ ಪಾಲಿನ ನೀರನ್ನು ತಾನೇ ತೆಗೆದುಕೊಳ್ಳುತ್ತದೆ.

ದಿನ 31: ಪುಡಿ ಉದುರುವ ಬೆನ್ನುಗಳು

ಪುಸ್ತಕದ ಬೆನ್ನಿನ ಪುಡಿಯನ್ನು ಹಿಡಿದು ನಿಲ್ಲಿಸಲು ಹಚ್ಚಿದ್ದು ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬ ಅಂಟು, ನೀರಿಲ್ಲದ ಎಥನಾಲಿನಲ್ಲಿ 100 ಮಿ.ಲೀ.ಗೆ 1 ಗ್ರಾಂ. ಅಂಟಿನ ಪುಡಿಯನ್ನು ಕಲಕುತ್ತ ಉದುರಿಸಿ ರಾತ್ರಿ ಬಿಡಬೇಕು, ಒಮ್ಮೆಗೇ ಸುರಿದರೆ ಉಂಡೆ ಕಟ್ಟುತ್ತದೆ. ಮೆತ್ತನೆಯ ಬ್ರಷ್ಷಿನಲ್ಲಿ ತೆಳುವಾಗಿ ಒಂದೇ ಕೈ. ಬೂಷ್ಟು ಪೂರ್ತಿ ತೆಗೆದ ಮೇಲೆಯೇ ಇದನ್ನು ಮಾಡಬೇಕು, ಇಲ್ಲದಿದ್ದರೆ ಬೂಷ್ಟನ್ನೂ ಸೇರಿಸಿ ಅಂಟಿಸಿದಂತೆ. ಮೂರನೇ ಪುಸ್ತಕಕ್ಕೆ ಎರಡನೇ ಕೈ ಹೊಡೆದದ್ದರಿಂದ ಬೆನ್ನು ಸ್ವಲ್ಪ ಕಪ್ಪೇರಿದೆ.

ದಿನ 33ರಿಂದ: ಇಡುವ ಜಾಗ

ಮರದ ಕಪಾಟು ಹೋಯಿತು. ತೂತುಗಳಿರುವ ಲೋಹದ ಅಟ್ಟಣಿಗೆ ಬಂತು, ಒಳಗೋಡೆಯ ಕಡೆ, ಗೋಡೆಯಿಂದ 10 ಸೆಂ.ಮೀ. ದೂರ, ನೆಲದಿಂದ 15 ಸೆಂ.ಮೀ. ಎತ್ತರ. ಗುರಿ 45ರಿಂದ 55. ಜೀನಿಗೆ ಪಟ್ಟಿಪಟ್ಟಿಯಾಗಿ ಕತ್ತರಿಸಿದ ಫೋಮಿನ ಆಸರೆ, ಪಟ್ಟಿಗಳ ನಡುವೆ ಎರಡು ಬೆರಳು ಅಂತರ. ಚೀಲದ ಹೊಟ್ಟೆಗೆ ಆಮ್ಲವಿಲ್ಲದ ಟಿಶ್ಯೂ ಕಾಗದ ಮುದ್ದೆ ಮಾಡಿ ತುಂಬಿದ್ದು. ಪತ್ರಿಕೆಯ ಕಾಗದ ಹುಳಿ, ತುಂಬಬಾರದು. ಮೇಲೆ ಹೊದಿಕೆ ಹತ್ತಿಬಟ್ಟೆಯದು. ಅದನ್ನು ಮೊದಲು ಎರಡು ಸಲ ಬಿಸಿನೀರಲ್ಲಿ ಒಗೆದು ಗಂಜಿ ಪೂರ್ತಿ ಬಿಡಿಸಿದ್ದು, ಹೊಸ ಬಟ್ಟೆಯ ಗಂಜಿಯೂ ಬೂಷ್ಟಿಗೆ ಆಹಾರವೇ.

ಚೀಲಕ್ಕೆ ಮಾತ್ರ ಮುಚ್ಚಳದ ಡಬ್ಬಿ, 40 × 30 × 25 ಸೆಂ.ಮೀ. ಅಂದರೆ 0.03 ಘನ ಮೀಟರ್. ಪ್ರದರ್ಶನ ಪೆಟ್ಟಿಗೆಗಳಿಗೆ ಘನ ಮೀಟರಿಗೆ 20 ಕೆ.ಜಿ. ಸಿಲಿಕಾ ಜೆಲ್ (ತೇವ ಹೀರುವ ಕಾಳುಗಳು) ಎಂಬ ಹಳೆಯ ಲೆಕ್ಕ ಇದೆ, ಆ ಪ್ರಕಾರ 600 ಗ್ರಾಂ.

ತಪ್ಪು 4. ಜೆಲ್ಲನ್ನು ಓವನ್ನಿನಲ್ಲಿ ಒಣಗಿಸಿ ನೇರ ಡಬ್ಬಿಗೆ ಸುರಿದದ್ದು. ಎರಡು ದಿನಕ್ಕೆ ಒಳಗೆ 28. ಚೀಲದ ಮುಚ್ಚಳ ಹಪ್ಪಳದಂತೆ ಸೆಟೆದಿತ್ತು. ಬಗ್ಗಿಸದೆ ಹಾಗೇ ತೆಗೆದು ಕೋಣೆಯ ಗಾಳಿಗೆ ಬಿಟ್ಟದ್ದರಿಂದ ಬಿರುಕು ಬಿಡಲಿಲ್ಲ, ಹತ್ತು ದಿನಕ್ಕೆ ಮೆತ್ತಗಾಯಿತು.

ಒಣ ಜೆಲ್ಲು ಚರ್ಮದ ನೀರನ್ನೂ ಹೀರುತ್ತದೆ. ಅದನ್ನು ಮೊದಲು 50ಕ್ಕೆ ಹದ ಮಾಡಬೇಕು: ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ, 50ರ ಕೋಣೆಯಲ್ಲಿ ತೂಕ ನಿಲ್ಲುವವರೆಗೆ ಬಿಡುವುದು. ನಮ್ಮ 600 ಗ್ರಾಂ 755ಕ್ಕೆ ಬಂದು ನಿಂತದ್ದು ಹದಿಮೂರು ದಿನಕ್ಕೆ. ಅಷ್ಟರಲ್ಲಿ ಕಿತ್ತಳೆ ಬಣ್ಣದ ಕಾಳುಗಳು ಹಸಿರಾಗಿದ್ದವು. "ಕೆಟ್ಟುಹೋಗಿದೆ" ಎಂದು ಎಸೆಯುವವರೇ ಹೆಚ್ಚು, ಆದರೆ ಈ ಕೆಲಸಕ್ಕೆ ಹಸಿರೇ ಸರಿ. ಬಣ್ಣ ಹೇಳುವುದು ಒಣಗಿದೆಯೇ ಇಲ್ಲವೇ ಎಂದಷ್ಟೇ, 50ರಲ್ಲಿದೆಯೇ ಎಂದಲ್ಲ. ನೀಲಿ ಕಾಳಿನ ಜೆಲ್ ತರಬೇಡಿ, ಅದರಲ್ಲಿರುವ ಕೋಬಾಲ್ಟ್ ಲವಣ ವಿಷ.

ಪೆಟ್ಟಿಗೆಯೊಳಗೆ ಕಮಟು ವಾಸನೆ ಉಳಿದಿತ್ತು. ಬಟ್ಟೆಯ ಚೀಲದಲ್ಲಿ 200 ಗ್ರಾಂ ಆಕ್ಟಿವೇಟೆಡ್ ಇದ್ದಿಲು, ಚರ್ಮಕ್ಕೆ ತಾಕದಂತೆ, ಹತ್ತು ದಿನ. ಮುಕ್ಕಾಲು ಪಾಲು ಹೋಯಿತು. ಕರ್ಪೂರ, ನುಸಿಗುಳಿಗೆ, ಸುಗಂಧದ ಎಣ್ಣೆ ಯಾವುದನ್ನೂ ಹಾಕಲಿಲ್ಲ. ಕಮಟು ಮತ್ತೆ ಏರಿದರೆ ಎಲ್ಲೋ ತೇವ ಇದೆ ಎಂದು ತಿಳಿಯುವ ದಾರಿ ಮೂಗೊಂದೇ, ಅದನ್ನು ಮರೆಮಾಡಿದರೆ ನಷ್ಟ ನಮಗೇ.

ದಿನ 40, 47, 54, 61: ತಪಾಸಣೆ

ಮೊದಲ ಎರಡು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ದೀಪ ಆರಿಸಿ, ಟಾರ್ಚನ್ನು ಚರ್ಮದ ಮೈಗೆ ಒರಗಿಸಿ ಓರೆಯಾಗಿ ಬಿಟ್ಟರೆ ನೇರ ಬೆಳಕಿನಲ್ಲಿ ಕಾಣದ ಎಳೆಬೂಷ್ಟು ನೆರಳು ಬೀಳಿಸಿ ಕಾಣಿಸಿಕೊಳ್ಳುತ್ತದೆ. ಮೀಟರಿಗೆ ಆರು ತಿಂಗಳಿಗೊಮ್ಮೆ ಉಪ್ಪಿನ ಪರೀಕ್ಷೆ. ತಂತಿಯ ಮೀಟರ್ ಈಗ ಜೀನಿನ ಅಡಿಯಲ್ಲೇ ಕಾಯಂ ಇದೆ.

40: ಕೋಣೆ 51, ಜೀನಿನಡಿ 53. ಏನೂ ಇಲ್ಲ.

47: ಕೋಣೆ 56, ಜೀನಿನಡಿ 57. ಡಿಹ್ಯೂಮಿಡಿಫೈಯರಿನ ನೀರಿನ ತೊಟ್ಟಿ ತುಂಬಿ ಯಂತ್ರ ತಾನೇ ನಿಂತಿತ್ತು. ಎಷ್ಟು ಹೊತ್ತಿನಿಂದ ಎಂಬುದು ಗೊತ್ತಿಲ್ಲ. ತೊಟ್ಟಿಯ ಬದಲು ಕೊಳವೆ ಹಾಕಿ ನೀರು ನೇರ ಮೋರಿಗೆ ಹೋಗುವಂತೆ ಮಾಡಿದ್ದು.

54: 50, 51. ಏನೂ ಇಲ್ಲ.

61: 50, 51. ಜೀನಿನ ಹಿಂಬದಿಯ ಬಕಲ್ಲಿನ ಪಕ್ಕ ಎರಡು ಬಿಳಿ ಚುಕ್ಕೆ. ಸೂಜಿ, ಸ್ಲೈಡು, ಭೂತಗನ್ನಡಿ. ಎಳೆ ಇಲ್ಲ. ಬಿಸಿನೀರಿನ ಲೋಟದ ಮೇಲೆ ಹಿಡಿದಾಗ ಕರಗಿ ಗಾಜಿನಂತಾದವು. ಕೊಬ್ಬು. ಮಸ್ಲಿನ್ನಿನಿಂದ ಒರೆಸಿ, ದಿನಾಂಕ ಬರೆದು, ಹೊದಿಕೆ ಎಳೆದದ್ದಾಯಿತು.